ಪುಲಕಮಣಿಯ ಸರ: ಅದರ ಚರಿತ್ರೆಯೂ ಪರೀಕ್ಷೆಯೂ ಮೌಲ್ಯವೂ

ನಮ್ಮ ಸೀಮೆಯ ಮನೆಗಳಲ್ಲಿ ಕೆಂಪು ಬಣ್ಣದ ಹರಳು ಯಾವುದೇ ಆಗಿರಲಿ, ಅದಕ್ಕೆ ‘ಕೆಂಪು’ ಎಂಬ ಒಂದೇ ಹೆಸರು ಸಲ್ಲುತ್ತದೆ. ಓಲೆಯಲ್ಲಿರುವುದೂ ಕೆಂಪು, ಪದಕದಲ್ಲಿರುವುದೂ ಕೆಂಪು, ಅಜ್ಜಿಯ ಕಾಲದಿಂದ ಪೆಟ್ಟಿಗೆಯಲ್ಲಿ ಉಳಿದುಬಂದ ಮಣಿಸರವೂ ಕೆಂಪಿನ ಸರವೇ. ಹೆಸರು ಒಂದಾದರೂ ವಸ್ತುಗಳು ಬೇರೆ ಬೇರೆ. ಮಾಣಿಕ್ಯವೊಂದು, ಅದನ್ನು ಹೋಲುವ ಸ್ಪಿನೆಲ್ ಮತ್ತೊಂದು, ಗಾರ್ನೆಟ್ ಇನ್ನೊಂದು, ಬಣ್ಣ ಹಾಕಿದ ಗಾಜು ಕಡೆಯದು. ಈ ನಾಲ್ಕರ ಬೆಲೆಗಳಲ್ಲಿ ಅಜಗಜಾಂತರವಿರುವುದರಿಂದ, ಹೆಸರಿನ ಗೊಂದಲವು ಬರಿಯ ಮಾತಿನ ಗೊಂದಲವಾಗಿ ಉಳಿಯದೆ ಮನೆಯ ಆಸ್ತಿಯ ಗೊಂದಲವಾಗುತ್ತದೆ. ಗಾರ್ನೆಟ್ಟನ್ನು ಮಾಣಿಕ್ಯವೆಂದು ನಂಬಿ ಕೊಂಡವರು ಹಣ ಕಳೆದುಕೊಳ್ಳುವರು. ಅದನ್ನೇ ಗಾಜೆಂದು ಬಗೆದು ಚಿನ್ನದ ತೂಕದಿಂದ ಕಳೆದು ಮಾರಿದವರು ಹಿರಿಯರ ಒಡವೆಯನ್ನು ಕಳೆದುಕೊಳ್ಳುವರು. ಆದ್ದರಿಂದ ಈ ಮಣಿಯ ಪೂರ್ವೋತ್ತರವನ್ನು ವಾಚಕರಿಗೆ ನಿವೇದಿಸುವುದು ವ್ಯರ್ಥವಾಗಲಾರದೆಂದು ಭಾವಿಸುತ್ತೇನೆ.

ಮೊದಲು ಹೆಸರಿನ ವಿಚಾರ. ಗಾರ್ನೆಟ್ ಎಂಬ ಶಬ್ದವು ದಾಳಿಂಬೆಯನ್ನು ಹೇಳುವ ಲ್ಯಾಟಿನ್ ಮೂಲದಿಂದ ಬಂದುದು. ಒಡೆದ ದಾಳಿಂಬೆಯ ಬೀಜವನ್ನು ಬೆಳಕಿಗೆ ಹಿಡಿದು ನೋಡಿದವರಿಗೆ ಈ ಹೆಸರಿನ ಔಚಿತ್ಯವು ತಾನಾಗಿಯೇ ತಿಳಿಯುವುದು. ನಮ್ಮ ರತ್ನಶಾಸ್ತ್ರದಲ್ಲಿ ‘ಪುಲಕ’ವೆಂದು ಕರೆದಿರುವ ರತ್ನವೇ ಇದು ಎಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಎಣಿಸಿರುವ ೨೨ ರತ್ನಗಳಲ್ಲಿ ಪುಲಕವೂ ಸೇರಿದೆ. ಆದರೆ ಅವನು ವಿಸ್ತಾರವಾಗಿ ಲಕ್ಷಣ ಹೇಳಿರುವುದು ವಜ್ರ, ಮುತ್ತು, ಪದ್ಮರಾಗ, ಮರಕತ ಎಂಬ ನಾಲ್ಕಕ್ಕೆ ಮಾತ್ರ. ಗರುಡಪುರಾಣದ ರತ್ನಪರೀಕ್ಷಾ ಭಾಗದಲ್ಲಿ ಪುಲಕಕ್ಕೆ ಪ್ರತ್ಯೇಕವಾದ ಒಂದು ಅಧ್ಯಾಯವುಂಟು; ಅಲ್ಲಿ ಇದರ ಬಣ್ಣವನ್ನು ಗುಲಗಂಜಿಗೂ ಜೇನಿಗೂ ಹೋಲಿಸಿದೆ. ಕೌಟಿಲ್ಯನ ಅರ್ಥಶಾಸ್ತ್ರವಾದರೋ ಕೋಶದಲ್ಲಿ ಇಡತಕ್ಕ ರತ್ನಗಳ ಪರೀಕ್ಷೆಯನ್ನು ಹೇಳುವಾಗ ಪುಲಕವನ್ನು ಮುಖ್ಯ ರತ್ನಗಳ ಸಾಲಿನಲ್ಲಿರಿಸದೆ, ಅವಾಂತರ ಜಾತಿಗಳ ಸಾಲಿನಲ್ಲಿ ಇರಿಸಿದೆ. ಈ ಅರ್ಥಶಾಸ್ತ್ರದ ತಾಳೆಯೋಲೆಯ ಪ್ರತಿಯನ್ನು ೧೯೦೫ರಲ್ಲಿ ಗುರುತಿಸಿ ೧೯೦೯ರಲ್ಲಿ ಮುದ್ರಿಸಿದವರು ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದ ಪಂಡಿತ ಆರ್. ಶಾಮಶಾಸ್ತ್ರಿಗಳೆಂಬುದು ಕನ್ನಡಿಗರು ಹೆಮ್ಮೆಯಿಂದ ನೆನೆಯತಕ್ಕ ಸಂಗತಿ. ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನೂ (೧೧೨೭–೧೧೩೮) ತನ್ನ ಮಾನಸೋಲ್ಲಾಸದಲ್ಲಿ ರಾಜಕೋಶದ ಪ್ರಸಂಗ ಬಂದಾಗ ರತ್ನಪರೀಕ್ಷೆಗೆ ಸ್ಥಳ ಕೊಟ್ಟಿರುವನು. ರತ್ನವನ್ನು ಪರೀಕ್ಷಿಸದೆ ಬೊಕ್ಕಸಕ್ಕೆ ಸೇರಿಸಬಾರದೆಂಬುದು ಆ ಕಾಲದ ರಾಜನೀತಿಯಾಗಿದ್ದಿತು.

ಅವಾಂತರ ಜಾತಿ ಎಂದರೆ ಕೀಳು ವಸ್ತುವೆಂದು ತಿಳಿಯಬಾರದು. ಶಾಸ್ತ್ರಕಾರರು ಪುಲಕವನ್ನು ರತ್ನವಲ್ಲವೆಂದು ತಳ್ಳಲಿಲ್ಲ. ಪದ್ಮರಾಗವೆಂದು ಏರಿಸಲೂ ಇಲ್ಲ. ಅದರ ಸ್ಥಾನ ಇಷ್ಟೆಂದು ನಿರ್ಣಯಿಸಿದರು. ಈ ಮಣಿಯ ಮೌಲ್ಯವನ್ನು ಕಟ್ಟುವವರಿಗೆ ಇಂದಿಗೂ ಇದೇ ಸರಿಯಾದ ದಾರಿ. ನವರತ್ನಗಳಲ್ಲಿ ಒಂದಾದ ಗೋಮೇಧಿಕವೆಂದು ಈಗ ಅಂಗಡಿಗಳಲ್ಲಿ ಮಾರುವ ಜೇನುಬಣ್ಣದ ಹರಳು ಕೂಡ ಗಾರ್ನೆಟ್ಟಿನ ವಂಶಕ್ಕೇ ಸೇರಿದ ಹೆಸ್ಸೊನೈಟ್ ಎಂಬುದು. ಉಂಗುರದಲ್ಲಿ ಗೋಮೇಧಿಕವನ್ನು ಧರಿಸಿ ಗಾರ್ನೆಟ್ಟನ್ನು ಬರಿಯ ಕಲ್ಲೆಂದು ಹಳಿಯುವವರು ಒಂದೇ ಮನೆತನದ ಅಣ್ಣನನ್ನು ಪೂಜಿಸಿ ತಮ್ಮನನ್ನು ಹೊರದೂಡಿದಂತೆ ಅಲ್ಲವೇ?

ಇನ್ನು ಇದರ ಹುಟ್ಟು. ನಮ್ಮ ಕ್ಯಾತ್ಸಂದ್ರದ ಸುತ್ತಣ ಗುಡ್ಡಗಳಲ್ಲಿ ಕಣ್ಣಿಗೆ ಬೀಳುವುದು ಕಣಶಿಲೆಯೇ ಹೆಚ್ಚು. ಗಾರ್ನೆಟ್ ಧಾರಾಳವಾಗಿ ಬೆಳೆಯುವುದು ಭೂಮಿಯ ಒಳಗಣ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಮಾರ್ಪಟ್ಟ, ಕಾಗೆಬಂಗಾರ ತುಂಬಿದ ಪದರಗಲ್ಲಿನಲ್ಲಿ. ಹಾಸನ ಜಿಲ್ಲೆಯ ಹೊಳೆನರಸೀಪುರದ ಕಡೆಯ ಪದರಶಿಲೆಗಳಲ್ಲಿ ಇದು ಕಯನೈಟ್ ಮೊದಲಾದ ಖನಿಜಗಳೊಡನೆ ದೊರೆಯುತ್ತದೆ. ಒಳ್ಳೆಯ ಹರಳಿಗೆ ಹುಟ್ಟಿನಿಂದಲೇ ಹನ್ನೆರಡು ಮುಖಗಳು. ಪ್ರತಿಯೊಂದು ಮುಖವೂ ಓರೆಚೌಕ. ಸಾಣೆ ಹಿಡಿದಂತಿರುವ ಆ ಆಕಾರವನ್ನು ಕಂಡವರು ಪ್ರಕೃತಿಯೇ ಅಕ್ಕಸಾಲಿಗನ ಕೆಲಸ ಮಾಡಿರುವುದೆಂದು ಬೆರಗಾಗುವರು. ಆದರೆ ಹೀಗೆ ದೊರೆಯುವುದೆಲ್ಲ ಒಡವೆಗೆ ಯೋಗ್ಯವಲ್ಲ. ಬಹುಪಾಲು ಬಿರುಕುಬಿಟ್ಟು ಮಬ್ಬಾಗಿರುವುದರಿಂದ ಪುಡಿಮಾಡಿ ಉಜ್ಜುವ ಕೆಲಸಕ್ಕೆ ಬಳಸುವರು. ನಿರ್ಮಲವಾಗಿ ಬೆಳಕನ್ನು ಹಾಯಿಸುವ ತುಣುಕುಗಳು ಮಾತ್ರ ಮಣಿಯಾಗುವ ಭಾಗ್ಯವನ್ನು ಪಡೆಯುತ್ತವೆ.

ದಕ್ಷಿಣಾಪಥದ ಈ ಮಣಿಗಳು ಮಾಡಿರುವ ಯಾತ್ರೆಯನ್ನು ಕೇಳಿದರೆ ವಾಚಕರಿಗೆ ವಿಸ್ಮಯವಾಗದಿರದು. ತಮಿಳುನಾಡಿನ ನೊಯ್ಯಲ್ ನದಿಯ ದಡದ ಕೊಡುಮಣಲ್ ಎಂಬಲ್ಲಿ ನಡೆದ ಉತ್ಖನನಗಳಲ್ಲಿ ಗಾರ್ನೆಟ್, ಸ್ಫಟಿಕ ಮೊದಲಾದ ಕಲ್ಲುಗಳಿಂದ ಮಣಿ ಮಾಡುತ್ತಿದ್ದ ಪ್ರಾಚೀನ ಕರ್ಮಶಾಲೆಗಳ ಕುರುಹುಗಳು ದೊರೆತಿವೆ. ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ೧೯೪೫ರಲ್ಲಿ ಮಾರ್ಟಿಮರ್ ವ್ಹೀಲರರು ಅಗೆಸಿದಾಗ ರೋಮನರೊಡನೆ ನಡೆದ ವ್ಯಾಪಾರವು ನಿಸ್ಸಂದೇಹವಾಗಿ ಗೊತ್ತಾಯಿತು. ಆ ಅರಿಕಮೇಡಿನ ಗಾರ್ನೆಟ್ ಮಣಿಗಳನ್ನು ವಿದ್ವಾಂಸರು ಪರೀಕ್ಷಿಸಿ, ತೆಲಂಗಾಣದ ಖಮ್ಮಂ ಪ್ರಾಂತದ ಗರೀಬ್‌ಪೇಟೆಯ ಗುಡ್ಡದ ಗಾರ್ನೆಟ್ಟಿಗೂ ಅವಕ್ಕೂ ಇರುವ ಸಂಬಂಧವನ್ನು ೨೦೧೭ರಲ್ಲಿ ಪ್ರಕಟಿಸಿದರು. ಒಳನಾಡಿನ ಗುಡ್ಡದಲ್ಲಿ ಹುಟ್ಟಿದ ಹರಳು ಕಡಲ ಕರೆಯಲ್ಲಿ ಮಣಿಯಾಯಿತೆಂಬುದು ಹೀಗೆ ಕಲ್ಲಿನ ಸಾಕ್ಷಿಯಿಂದಲೇ ಸಿದ್ಧವಾಯಿತು.

ನಮ್ಮ ನಾಡೂ ಈ ವ್ಯಾಪಾರದಿಂದ ದೂರವಾಗಿರಲಿಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ೧೯೨೯ರಲ್ಲಿ ಮೈಸೂರು ಪ್ರಾಚ್ಯವಸ್ತು ಇಲಾಖೆಯ ಡಾ. ಎಂ. ಎಚ್. ಕೃಷ್ಣರೂ, ೧೯೪೭ರಲ್ಲಿ ವ್ಹೀಲರರೂ ನಡೆಸಿದ ಉತ್ಖನನಗಳಿಂದ ಶಾತವಾಹನರ ಕಾಲದ ನಾಣ್ಯಗಳು, ರೋಮನರ ಬೆಳ್ಳಿಯ ದಿನಾರಿಗಳು, ನಾನಾ ಬಗೆಯ ಮಣಿಗಳು ಹೊರಬಂದವು. ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವವರು ದಾಟುವ ಯಶವಂತಪುರದಲ್ಲಿಯೂ ೧೮೯೧ರಲ್ಲಿ ರೋಮನ್ ಬೆಳ್ಳಿನಾಣ್ಯಗಳ ಒಂದು ನಿಧಿ ದೊರೆಯಿತು. ಕ್ರಿ. ಶ. ಆರನೆಯ ಶತಮಾನದಲ್ಲಿ ಬರೆದ ಕಾಸ್ಮಾಸ್ ಎಂಬ ಗ್ರೀಕ್ ಗ್ರಂಥಕಾರನು ನಮ್ಮ ಪೂರ್ವ ಸಮುದ್ರತೀರದ ‘ಕಾಬೆರ್’ ಎಂಬ ರೇವಿನಿಂದ ‘ಅಲಬಂದೇನ’ವು ರಫ್ತಾಗುತ್ತಿತ್ತೆಂದು ಹೇಳಿರುವನು. ಇದನ್ನು ಕಾವೇರಿಯ ಮುಖದ ಪಟ್ಟಣವೆಂದೂ, ವಸ್ತುವನ್ನು ಅಲ್ಮಂಡೈನ್ ಎಂಬ ಕೆಂಪು ಗಾರ್ನೆಟ್ಟೆಂದೂ ಚರಿತ್ರಕಾರರು ಅರ್ಥಮಾಡುವರು. ೧೬೫೩ರಲ್ಲಿ ಟೂರ್ನೆ ಎಂಬ ಊರಿನಲ್ಲಿ ದೊರೆತ ಫ್ರಾಂಕರ ಅರಸು ಚಿಲ್ಡೆರಿಕನ ಸಮಾಧಿಯಲ್ಲಿ ಚಿನ್ನದ ಮನೆಗಳಲ್ಲಿ ಗಾರ್ನೆಟ್ ಕೂರಿಸಿದ ಜೇನುನೊಣದಾಕಾರದ ಆಭರಣಗಳಿದ್ದವು. ಆ ಯುಗದ ಯೂರೋಪಿನ ಇಂತಹ ಒಡವೆಗಳಲ್ಲಿ ಹೆಚ್ಚಿನ ಪಾಲು ಹರಳು ಭಾರತ ಮತ್ತು ಸಿಂಹಳಗಳಿಂದ ಹೋದುದೆಂದು ಈಗಿನ ರಾಸಾಯನಿಕ ಪರೀಕ್ಷೆಗಳು ತೋರಿಸಿವೆ. ಏಳನೆಯ ಶತಮಾನದಲ್ಲಿ ಆ ದಾರಿ ಕ್ಷೀಣಿಸಲು, ಅಲ್ಲಿನವರು ತಮ್ಮ ಬೊಹೀಮಿಯ ದೇಶದ ಸಣ್ಣ ಹರಳುಗಳಿಂದ ತೃಪ್ತರಾಗಬೇಕಾಯಿತು.

ಈಗ ಪರೀಕ್ಷೆಯ ವಿಷಯಕ್ಕೆ ಬರೋಣ. ದೊಡ್ಡ ಬೊಕ್ಕಸಗಳೇ ಕೆಂಪು ಹರಳಿನ ವಿಷಯದಲ್ಲಿ ಶತಮಾನಗಳ ಕಾಲ ಮೋಸಹೋಗಿವೆ. ಇಂಗ್ಲೆಂಡಿನ ರಾಜಕಿರೀಟದಲ್ಲಿರುವ ‘ಕಪ್ಪು ರಾಜಕುಮಾರನ ಮಾಣಿಕ್ಯ’ವೂ, ಮೊಗಲ್ ಬಾದಶಹರ ಹೆಸರುಗಳನ್ನು ಕೆತ್ತಿರುವ ‘ತೈಮೂರನ ಮಾಣಿಕ್ಯ’ವೂ ಮಾಣಿಕ್ಯಗಳಲ್ಲ, ಸ್ಪಿನೆಲ್‌ಗಳು. ಹೀಗಿರುವಾಗ ಗೃಹಸ್ಥರು ಬರಿಗಣ್ಣಿನಿಂದ ನಿರ್ಣಯಿಸಲು ಹೊರಡುವುದು ಸಾಹಸವೇ ಸರಿ. ಆದರೂ ಒಂದೊಂದಾಗಿ ಲಕ್ಷಣಗಳನ್ನು ಕೂಡಿಸುತ್ತ ಹೋದರೆ ಸತ್ಯವು ಸಮೀಪಿಸುವುದು.

ಮೊದಲನೆಯದು ಗಾಜನ್ನು ಬೇರ್ಪಡಿಸುವುದು. ಹತ್ತರಷ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿದರೆ ಗಾಜಿನೊಳಗೆ ದುಂಡನೆಯ ಗಾಳಿಗುಳ್ಳೆಗಳೂ, ಪಾಕದಲ್ಲಿ ಕಲಕಿದಂತಹ ಸುಳಿಗೆರೆಗಳೂ ಕಾಣುವುವು. ಗಾರ್ನೆಟ್ಟಿನೊಳಗೆ ಇರುವುದು ಬಿರುಕು, ಸಣ್ಣ ಹರಳಿನ ಕಣ, ಇಲ್ಲವೇ ಒಂದನ್ನೊಂದು ಓರೆಯಾಗಿ ದಾಟುವ ಸೂಜಿಯಂತಹ ಗೆರೆಗಳು. ಕೆನ್ನೆಗೆ ತಾಗಿಸಿದರೆ ಕಲ್ಲು ಬಹಳ ಹೊತ್ತು ತಣ್ಣಗಿರುವುದು; ಗಾಜು ಬೇಗನೆ ಬೆಚ್ಚಗಾಗುವುದು. ಗಾಜಿನ ಮಣಿಯ ಅಂಚುಗಳು ಬೇಗ ಸವೆದು ಗೀಚುಬೀಳುವುವು. ಗಾರ್ನೆಟ್ ಗಾಜಿಗಿಂತ ಗಡಸಾದುದರಿಂದ ಅದರ ಹೊಳಪು ತಡೆದು ನಿಲ್ಲುವುದು. ಆದರೆ ಗಡಸುತನವನ್ನು ತಿಳಿಯಲು ಹಿರಿಯರ ಮಣಿಯನ್ನು ಸೂಜಿಯಿಂದ ಗೀರುವ ಅವಿವೇಕವನ್ನು ಯಾರೂ ಮಾಡಬಾರದು.

ಎರಡನೆಯದು ತೂಕದ ಪರೀಕ್ಷೆ. ಮಣಿಗಳನ್ನು ಗಾಳಿಯಲ್ಲಿಯೂ ನೀರಿನಲ್ಲಿಯೂ ತೂಗಿ, ನೀರಿನಲ್ಲಿ ಕಡಿಮೆಯಾದ ತೂಕದಿಂದ ಗಾಳಿಯ ತೂಕವನ್ನು ಭಾಗಿಸಿದರೆ ಆ ವಸ್ತುವು ನೀರಿಗಿಂತ ಎಷ್ಟು ಪಾಲು ಭಾರವೆಂಬುದು ತಿಳಿಯುತ್ತದೆ. ಕಾರ್ನೀಲಿಯನ್ ಎಂಬ ಕೆಂಪು ಅಕೀಕು ೨.೬ ಪಾಲು, ಸ್ಪಿನೆಲ್ ೩.೬ ಪಾಲು, ಅಲ್ಮಂಡೈನ್ ಗಾರ್ನೆಟ್ ಸುಮಾರು ೪ ಪಾಲು. ಮಾಣಿಕ್ಯವೂ ೪ ಪಾಲೇ ಆದ್ದರಿಂದ, ಈ ಪರೀಕ್ಷೆಯೊಂದರಿಂದ ಗಾರ್ನೆಟ್ಟಿಗೂ ಮಾಣಿಕ್ಯಕ್ಕೂ ಭೇದ ತಿಳಿಯದೆಂಬುದನ್ನು ಮರೆಯಬಾರದು.

ಮೂರನೆಯದು ಬೆಳಕಿನ ಪರೀಕ್ಷೆ. ಮಾಣಿಕ್ಯವು ತನ್ನೊಳಗೆ ಹೊಕ್ಕ ಕಿರಣವನ್ನು ಎರಡಾಗಿ ಸೀಳುವುದರಿಂದ, ದ್ವಿವರ್ಣದರ್ಶಕವೆಂಬ ಚಿಕ್ಕ ಉಪಕರಣದಲ್ಲಿ ಎರಡು ಬಗೆಯ ಕೆಂಪು ಒಟ್ಟಿಗೆ ಕಾಣುವುದು; ಗಾರ್ನೆಟ್ಟಿನಲ್ಲಿ ಒಂದೇ. ಅತಿನೇರಳೆ ದೀಪದ ಕೆಳಗೆ ಮಾಣಿಕ್ಯವು ಸಾಮಾನ್ಯವಾಗಿ ಕೆಂಡದಂತೆ ಬೆಳಗುವುದು. ಕಬ್ಬಿಣದ ಅಂಶವುಳ್ಳ ಗಾರ್ನೆಟ್ ಕಪ್ಪಾಗಿಯೇ ಉಳಿಯುವುದು. ಒಳ್ಳೆಯ ಮಾಣಿಕ್ಯವನ್ನು ಹಾಲಿನಲ್ಲಿಟ್ಟರೆ ಹಾಲೇ ಕೆಂಪಾಗಿ ತೋರುವುದೆಂದು ಹಿರಿಯರು ಹೇಳುತ್ತಿದ್ದ ಮಾತಿನ ಹಿಂದೆ ಇಂತಹ ಒಳಬೆಳಕಿನ ಅನುಭವವೇ ಇದ್ದಿರಬಹುದು.

ನಾಲ್ಕನೆಯದು ಅಯಸ್ಕಾಂತದ ಪರೀಕ್ಷೆ. ಈಗ ಪೇಟೆಯಲ್ಲಿ ಸಿಕ್ಕುವ ನಿಯೋಡಿಮಿಯಮ್ ಎಂಬ ಬಲವಾದ ಅಯಸ್ಕಾಂತವನ್ನು ನೀರಿನ ಮೇಲೆ ತೇಲುವ ಬೆಂಡಿನ ಮೇಲಿಟ್ಟ ಬಿಡಿ ಮಣಿಯ ಹತ್ತಿರ ತಂದರೆ, ಅಲ್ಮಂಡೈನ್ ಮಣಿಯು ನಿಧಾನವಾಗಿ ಅದರ ಕಡೆಗೆ ಸರಿಯುವುದು. ಮಾಣಿಕ್ಯವು ಕದಲದು, ಸಾಮಾನ್ಯ ಗಾಜೂ ಕದಲದು. ಮಕ್ಕಳ ಆಟದಂತೆ ಕಂಡರೂ ಬಹಳ ಉಪಯುಕ್ತವಾದ ಪರೀಕ್ಷೆಯಿದು.

ವಸ್ತು ಗೊತ್ತಾದ ಮೇಲೆ ಪ್ರಾಚೀನತೆಯ ಪ್ರಶ್ನೆ ಏಳುತ್ತದೆ. ಮಣಿಯ ವಯಸ್ಸನ್ನು ಹೇಳುವುದು ಅದರ ಹೊಳಪಲ್ಲ, ಅದರ ರಂಧ್ರ. ಕೈಬೈರಿಗೆಯಿಂದ ಕೊರೆಯುವವರು ಮಣಿಯು ಸೀಳದಿರಲೆಂದು ಎರಡು ಕಡೆಗಳಿಂದಲೂ ಕೊರೆದು ನಡುವೆ ಕೂಡಿಸುತ್ತಿದ್ದರು. ಆದ್ದರಿಂದ ಹಳೆಯ ಮಣಿಗಳಲ್ಲಿ ರಂಧ್ರವು ನಡುವೆ ಕೊಂಚ ಓರೆಯಾಗಿಯೋ ಮೆಟ್ಟಿಲಿನಂತೆಯೋ ಇರುವುದು ಸಾಮಾನ್ಯ. ಯಂತ್ರದಿಂದ ಕೊರೆದುದು ಬಾಣದಂತೆ ನೇರ. ದೀರ್ಘಕಾಲ ಧರಿಸಿದ ಸರದಲ್ಲಿ ಮಣಿಯು ಮಣಿಯನ್ನು ತಿಕ್ಕಿ ರಂಧ್ರದ ಬಾಯಿ ಸವೆದು ನಯವಾಗಿರುವುದು. ಮಣಿಗಳ ಗಾತ್ರದಲ್ಲಿ ಕಿಂಚಿತ್ ತಾರತಮ್ಯವಿದ್ದರೆ ಅದು ಕೈಕೆಲಸದ ಗುರುತೇ ಹೊರತು ದೋಷವಲ್ಲ. ಓಲೆ, ಪದಕಗಳಲ್ಲಿ ಕೂರಿಸಿದ ಹರಳಾದರೆ ಬೇರೆ ಎಚ್ಚರಿಕೆ ಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಮೇಲೆ ಗಾರ್ನೆಟ್ಟಿನ ತೆಳುವಾದ ಹಲ್ಲೆ, ಕೆಳಗೆ ಬಣ್ಣದ ಗಾಜು, ಎರಡನ್ನೂ ಬೆಸೆದ ಕೃತಕ ಹರಳುಗಳು ವಿಶೇಷವಾಗಿ ಹಬ್ಬಿದ್ದವು. ೧೯೦೨ರಲ್ಲಿ ವೆರ್ನ್ಯೂಯಿ ಎಂಬ ಫ್ರೆಂಚ್ ರಸಾಯನಜ್ಞನು ಮಾಣಿಕ್ಯವನ್ನೇ ಕುಲುಮೆಯಲ್ಲಿ ಬೆಳೆಸುವ ವಿಧಾನವನ್ನು ಪ್ರಕಟಿಸಿದ ಮೇಲೆ ಅಗ್ಗದ ಕೃತಕ ಮಾಣಿಕ್ಯವೂ ಬಂದಿತು. ಇದು ದ್ರವ್ಯದಲ್ಲಿ ಮಾಣಿಕ್ಯವೇ ಆದರೂ ಗಣಿಯಲ್ಲಿ ಹುಟ್ಟಿದುದಲ್ಲ. ಒಳಗಿನ ಬಾಗಿದ ಗೆರೆಗಳು ಅದನ್ನು ಹಿಡಿದುಕೊಡುವುವು. ‘ಅಜ್ಜಿಯ ಕಾಲದ್ದು’ ಎಂಬ ಒಂದೇ ಮಾತಿನಿಂದ ಕೆಂಪು ನಿಜವಾಗುವುದಿಲ್ಲ. ಅಜ್ಜಿಯ ಕಾಲದಲ್ಲಿಯೂ ಕೃತಕವಿದ್ದಿತು.

ಈ ವಿಚಾರವು ಸಂಸಾರಗಳಲ್ಲಿ ಎಷ್ಟು ಭಾರವಾಗಬಲ್ಲುದೆಂಬುದಕ್ಕೆ ಒಂದು ನಿದರ್ಶನ. ನಮ್ಮ ಕಡೆಯ ಒಂದು ಮನೆಯಲ್ಲಿ ತಾಯಿ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳು ಒಡವೆಗಳನ್ನು ಹಂಚಿಕೊಂಡರು. ಅಕ್ಕನು ಕೆಂಪಿನ ಸರವನ್ನು ತೆಗೆದುಕೊಂಡು, ಅದು ಮಾಣಿಕ್ಯವೆಂಬ ನಂಬಿಕೆಯಿಂದ ಚಿನ್ನದ ಬಳೆ, ಡಾಬುಗಳೆಲ್ಲವನ್ನೂ ತಂಗಿಗೆ ಬಿಟ್ಟುಕೊಟ್ಟಳು. ಕೆಲವು ತಿಂಗಳ ಮೇಲೆ ಮಗನ ವಿದ್ಯಾಭ್ಯಾಸಕ್ಕೆ ಹಣ ಬೇಕಾಗಿ ಸರವನ್ನು ಅಂಗಡಿಗೆ ಒಯ್ದಾಗ, “ಅಮ್ಮಾ, ಇದು ಗಾಜು, ಚಿನ್ನದ ಗುಂಡಿಗೆ ಮಾತ್ರ ಬೆಲೆ” ಎಂಬ ಉತ್ತರ ಬಂದಿತು. ತಂಗಿಯು ತಿಳಿದೇ ಮೋಸಮಾಡಿದಳೆಂದು ಅಕ್ಕನೂ, ಸರವನ್ನು ಬಯಸಿ ತೆಗೆದುಕೊಂಡವಳು ನೀನೇ ಎಂದು ತಂಗಿಯೂ ಮಾತು ಬಿಟ್ಟರು. ಹಬ್ಬಕ್ಕೆ ಹೋಗಿಬರುವುದೂ ನಿಂತಿತು. ಬಂಧುಗಳ ಮಾತಿನಂತೆ ಸರವು ನನ್ನ ಮುಂದೆ ಬಂದಿತು. ದಾರವನ್ನು ಬಿಚ್ಚಿ ನೋಡಲಾಗಿ ೬೨ ಮಣಿಗಳಲ್ಲಿ ೪ರಲ್ಲಿ ಗಾಳಿಗುಳ್ಳೆಗಳು ಕಂಡವು. ಒಡೆದವುಗಳ ಸ್ಥಾನಕ್ಕೆ ಯಾರೋ ಗಾಜನ್ನು ಸೇರಿಸಿದ್ದರು. ಉಳಿದ ೫೮ರ ತೂಕ ಗಾಳಿಯಲ್ಲಿ ೩೨ ಗ್ರಾಮು, ನೀರಿನಲ್ಲಿ ೨೪.೧ ಗ್ರಾಮು, ಅಂದರೆ ನೀರಿಗಿಂತ ೪.೦೫ ಪಾಲು ಭಾರ. ಅಯಸ್ಕಾಂತಕ್ಕೆ ಮಣಿಗಳು ಸರಿದವು. ಅತಿನೇರಳೆ ದೀಪದಲ್ಲಿ ಕಪ್ಪಾಗಿಯೇ ಇದ್ದವು. ಬೆಂಗಳೂರಿನ ರತ್ನ ಪರೀಕ್ಷಾಲಯದಿಂದಲೂ ಗಾರ್ನೆಟ್ ಎಂಬ ಬರಹ ಬಂದಿತು. ಮಾಣಿಕ್ಯವಲ್ಲ, ಗಾಜೂ ಅಲ್ಲ. “ಅಕ್ಕಾ, ನನಗೂ ಇದು ಕೆಂಪೆಂದೇ ತಿಳಿದಿತ್ತು” ಎಂದು ತಂಗಿ ಅತ್ತಳು. ಹಂಚಿಕೆಯನ್ನು ಮತ್ತೆ ಕೂತು ಸರಿಪಡಿಸಿಕೊಂಡರು. ಒಂದು ಜೊತೆ ಬಳೆ ಅಕ್ಕನಿಗೆ ಬಂದಿತು. ಸರವನ್ನು ಮಾತ್ರ ಮಾರಲಿಲ್ಲ. ಪರೀಕ್ಷೆಯು ಸರದ ಬೆಲೆಯನ್ನು ಇಳಿಸಿತಾದರೂ ಒಡಹುಟ್ಟಿದವರ ನಡುವಣ ಸಂಶಯವನ್ನು ಕಳೆಯಿತು.

ಮೌಲ್ಯದ ವಿಷಯವಾಗಿ ಗೃಹಸ್ಥರು ನೆನಪಿನಲ್ಲಿಡತಕ್ಕ ಮಾತುಗಳು ಕೆಲವುಂಟು. ಕೆಂಪು ಗಾರ್ನೆಟ್ ವಿರಳವಾದ ವಸ್ತುವಲ್ಲ. ಆದ್ದರಿಂದ ಕಲ್ಲಿನ ಬೆಲೆಯೊಂದೇ ಎಂದೂ ಮಾಣಿಕ್ಯದ ಹತ್ತಿರಕ್ಕೆ ಬಾರದು. ಕಪ್ಪಿಗೆ ತಿರುಗಿದ ಬಣ್ಣಕ್ಕಿಂತ ದೀಪದೆದುರು ದ್ರಾಕ್ಷಾರಸದಂತೆ ತಿಳಿಯಾಗಿ ಬೆಳಗುವುದು ಉತ್ತಮ. ಬಿರುಕು, ರಂಧ್ರದ ಬಾಯಿಯ ಒಡಕು, ನಡುವೆ ಸೇರಿಸಿದ ಗಾಜು ಇವು ಬೆಲೆಯನ್ನು ಇಳಿಸುವುವು. ಮಣಿಗಳ ಸಂಖ್ಯೆ ಪೂರ್ಣವಾಗಿದ್ದು, ಹಳೆಯ ಚಿನ್ನದ ಗುಂಡುಗಳೂ ಕೊಂಡಿಯೂ ಮೂಲದವೇ ಆಗಿದ್ದರೆ ಬೆಲೆ ಏರುವುದು. ಕಲ್ಲನ್ನು ಕ್ಯಾರಟ್ಟಿನಲ್ಲಿ ತೂಗುವರು. ಒಂದು ಕ್ಯಾರಟ್ಟೆಂದರೆ ೨೦೦ ಮಿಲಿಗ್ರಾಮು ಎಂದು ೧೯೦೭ರಲ್ಲಿ ನಿಶ್ಚಯವಾಯಿತು. ಚಿನ್ನವನ್ನೂ ಕಲ್ಲನ್ನೂ ಬೇರೆ ಬೇರೆಯಾಗಿ ತೂಗಿಸಿ, ಎರಡರ ಬೆಲೆಯನ್ನೂ ಬೇರೆಯಾಗಿ ಬರೆಯಿಸಿಕೊಳ್ಳಬೇಕು. ಇದೇನೂ ಹೊಸ ಪದ್ಧತಿಯಲ್ಲ. ತಂಜಾವೂರಿನ ಬೃಹದೀಶ್ವರಾಲಯದಲ್ಲಿ ರಾಜರಾಜ ಚೋಳನ ಕಾಲದ ಶಾಸನಗಳು ದೇವರ ಒಡವೆಗಳನ್ನು ನಮೂದಿಸುವಾಗ ಮಾಣಿಕ್ಯಗಳ ಸಂಖ್ಯೆಯನ್ನೂ ದೋಷಗಳನ್ನೂ, ಅರಗು ಮತ್ತು ದಾರ ತೂಕದಲ್ಲಿ ಸೇರಿರುವುದನ್ನೂ ಬಿಡದೆ ಹೇಳಿವೆ. ಸಾವಿರ ವರ್ಷದ ಹಿಂದೆ ದೇವರ ಭಂಡಾರದಲ್ಲಿ ನಡೆದ ಲೆಕ್ಕವು ಇಂದು ನಮ್ಮ ಮನೆಗಳಲ್ಲಿ ನಡೆಯಬಾರದೇಕೆ?

ಪುರಾತನ ಸರವನ್ನು ಹೊಸದಾಗಿ ಸಾಣೆ ಹಿಡಿಸಬಾರದು, ಬಿಸಿನೀರಿನಲ್ಲಿ ಅದ್ದಬಾರದು. ಅರಗಿನ ಮೇಲೆ ಕೂರಿಸಿದ ಹರಳಾದರೆ ತಣ್ಣೀರೂ ಒಳಹೊಕ್ಕು ತಗಡಿನ ಹೊಳಪನ್ನು ಕೆಡಿಸುವುದು. ಮೆತ್ತನೆಯ ಒಣಬಟ್ಟೆಯೇ ಸಾಕು. ದಾರ ಹಳತಾದರೆ ಹೊಸ ರೇಷ್ಮೆ ದಾರದಲ್ಲಿ, ಮಣಿಗೆ ಮಣಿ ತಗಲದಂತೆ ನಡುವೆ ಗಂಟು ಹಾಕಿಸಿ ಪೋಣಿಸಬೇಕು. ಹೊಲ ಉಳುವಾಗಲೋ ಹಳೆಯ ಊರಿನ ದಿಬ್ಬದಲ್ಲಿಯೋ ಮಣಿಗಳು ದೊರೆತರೆ ಅವು ದೊರೆತವನ ಸ್ವತ್ತಲ್ಲ; ನಿಧಿಯ ವಿಷಯದಲ್ಲಿ ೧೮೭೮ರಿಂದಲೂ ಶಾಸನಗಳಿವೆ. ಅದನ್ನು ಅಧಿಕಾರಿಗಳಿಗೆ ತಿಳಿಸುವುದು ಧರ್ಮವೂ ಹೌದು, ವಿಧಿಯೂ ಹೌದು. ದೊರೆತ ಸ್ಥಳದ ಗುರುತು ತಪ್ಪಿದ ಮಣಿಯು ಚರಿತ್ರೆಯ ಪಾಲಿಗೆ ಮೂಕವಾಗುವುದು. ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುಗಳನ್ನು ಅಪ್ಪಣೆಯಿಲ್ಲದೆ ಹೊರದೇಶಕ್ಕೆ ಸಾಗಿಸುವುದನ್ನು ೧೯೭೨ರ ಪ್ರಾಚೀನ ವಸ್ತುಗಳ ಕಾಯಿದೆಯು ನಿಷೇಧಿಸಿದೆ. ಹೊರದೇಶದಲ್ಲಿ ನೆಲೆಸಿರುವ ಮಕ್ಕಳಿಗೆ ಹಿರಿಯರ ಒಡವೆಯನ್ನು ಕಳುಹಿಸುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಕಡೆಯದಾಗಿ ಒಂದು ವಿಜ್ಞಾಪನೆ. ಪ್ರತಿಯೊಂದು ಮನೆಯಲ್ಲಿಯೂ ಒಡವೆಗಳಿಗಾಗಿ ಒಂದು ಚಿಕ್ಕ ಪುಸ್ತಕವಿರಲಿ. ಇಂತಹ ಸರ, ಇಷ್ಟು ಮಣಿ, ಇಷ್ಟು ತೂಕ, ಕಲ್ಲು ಇಂತಹುದು, ಇಂತಹವರು ಧರಿಸಿದ್ದು, ಇಂತಹ ಮದುವೆಯಲ್ಲಿ ಬಂದುದು ಎಂದು ಹಿರಿಯರು ಬದುಕಿರುವಾಗಲೇ ಕೇಳಿ ಬರೆದಿಡಲಿ; ಜೊತೆಯಲ್ಲಿ ಒಂದು ಛಾಯಾಚಿತ್ರವೂ ಇರಲಿ. ಅಂಗಡಿಯವರಾಗಲಿ ಪರೀಕ್ಷಾಲಯದವರಾಗಲಿ ಹೇಳಬಲ್ಲುದು ಕಲ್ಲಿನ ಜಾತಿಯನ್ನು ಮಾತ್ರ. ಅದನ್ನು ಯಾರು ಕೊರಳಲ್ಲಿ ಧರಿಸಿ ಯಾರನ್ನು ಸಾಕಿದರೆಂಬುದನ್ನು ಹೇಳಬಲ್ಲವರು ಮನೆಯವರೇ. ಪುಲಕವನ್ನು ಪುಲಕವೆಂದೇ ಕರೆದು, ಅದಕ್ಕೆ ಸಲ್ಲುವಷ್ಟೇ ಬೆಲೆ ಕಟ್ಟಿ, ಈ ಬರಹದೊಡನೆ ಮುಂದಿನವರ ಕೈಗೆ ಒಪ್ಪಿಸಿದರೆ, ಹಂಚಿಕೆಯ ದಿನ ಕಲಹಕ್ಕೆ ಎಡೆಯಿರುವುದಿಲ್ಲ.